ಕಡಿಮೆ ಖರ್ಚಲ್ಲಿ ನಾರ್ಮಂಡಿ: ಒಂದೇ ಊರಲ್ಲಿ ರೂಮು ಮಾಡಿ, ಕಾರಿಲ್ಲದೆ ಒಂದು ವಾರ ಸುತ್ತೋದು ಹೇಗೆ

ಫ್ರಾನ್ಸ್ ಅಂದ ತಕ್ಷಣ ನಮ್ಮ ಜನಕ್ಕೆ ಪ್ಯಾರಿಸ್ಸು, ಅದರ ಹಿಂದೇನೇ ಖರ್ಚಿನ ಭಯ. ಆದ್ರೆ ಪ್ಯಾರಿಸ್‌ನಿಂದ ಟ್ರೇನಲ್ಲಿ ಎರಡು, ಎರಡೂವರೆ ಗಂಟೆ ಪಶ್ಚಿಮಕ್ಕೆ ಹೋದ್ರೆ ಸಮುದ್ರದ ಪಕ್ಕ ನಾರ್ಮಂಡಿ ಅಂತ ಒಂದು ಸೀಮೆ ಇದೆ, ಹಸು ಮೇಯೋ ಹುಲ್ಲುಗಾವಲು, ಸೇಬಿನ ತೋಟ, ಕಲ್ಲಿನ ಹಳೇ ಊರುಗಳು, ಎಲ್ಲಿ ಕಾಲಿಟ್ರೂ ಇತಿಹಾಸ. 1066ರಲ್ಲಿ ಇಲ್ಲಿನ ಡ್ಯೂಕ್ ವಿಲಿಯಂ ಕಡಲು ದಾಟಿ ಹೋಗಿ ಇಂಗ್ಲೆಂಡ್ ಗೆದ್ದು ರಾಜ ಆದ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ಕ್ಕೆ, ಅದೇ ಕಡಲು ದಾಟ್ಕೊಂಡು ಆ ಕಡೆಯಿಂದ ಮಿತ್ರಪಡೆಗಳ ಸೈನ್ಯ, ಅಂದ್ರೆ ಬ್ರಿಟನ್, ಅಮೆರಿಕ ಮುಂತಾದವರದು, ಜರ್ಮನ್ನರ ಕೈಲಿದ್ದ ಈ ದಂಡೆ ಮೇಲೆ ಬಂದು ಇಳೀತು. ಈ ಎರಡು ತಾರೀಖು ತಲೇಲಿದ್ರೆ ಅರ್ಧ ನಾರ್ಮಂಡಿ ಅರ್ಥ ಆದಂಗೆ.

ನಾನು, ನನ್ನ ಹೆಂಡ್ತಿ, ಜೊತೆಗೆ ಮೈಸೂರಿಂದ ಬಂದಿದ್ದ ಅಮ್ಮ, ಮೂರು ಜನ ಒಂದು ವಾರ ಅಲ್ಲಿದ್ವಿ. ಕಾರು ಬಾಡಿಗೆಗೆ ತಗೊಳ್ಳಲಿಲ್ಲ. ಬಂದ ಮೇಲೆ ಲೆಕ್ಕ ಹಾಕಿದಾಗ ಗೊತ್ತಾಗಿದ್ದು ಏನಂದ್ರೆ, ಮನಸ್ಸಲ್ಲಿ ಉಳಿದ ಜಾಗಗಳಲ್ಲಿ ಹೆಚ್ಚಿನವಕ್ಕೆ ನಾವು ಟಿಕೆಟ್ಟೇ ತಗೊಂಡಿರಲಿಲ್ಲ. ನಾರ್ಮಂಡೀಲಿ ದುಡ್ಡು ಹೋಗೋದು ರೂಮು, ಓಡಾಟ, ಹೋಟೆಲ್ ಊಟ ಈ ಮೂರಕ್ಕೆ, ಇವನ್ನ ಸರಿ ಮಾಡ್ಕೊಂಡ್ರೆ ಉಳಿದಿದ್ದು ಬಯಲಲ್ಲೇ ಇದೆ, ಹೋಗಿ ನೋಡೋದಷ್ಟೇ.

ಮೊದಲನೇ ಕೆಲಸ: ಯಾವಾಗ ಹೋಗೋದು

ಮೇ ಮಧ್ಯಭಾಗ ಇಲ್ಲಾ ಸೆಪ್ಟೆಂಬರ್. ಜುಲೈ ಆಗಸ್ಟ್‌ನಲ್ಲಿ ಫ್ರೆಂಚರಿಗೇ ಸ್ಕೂಲ್ ರಜಾ, ರೂಮಿನ ರೇಟು ಏರಿರುತ್ತೆ. ಜೂನ್ ಮೊದಲ ವಾರ ಡಿ-ಡೇ, ಅಂದ್ರೆ ಆ ಸೈನ್ಯ ಇಳಿದ ದಿನದ ವಾರ್ಷಿಕೋತ್ಸವ ಅಂತ ಪ್ರಪಂಚದ ಎಲ್ಲಾ ಕಡೆಯಿಂದ ಜನ ಬರ್ತಾರೆ, ಆ ವಾರ ಮಾತ್ರ ಬೇಡ, ರೂಮು ಸಿಗಲ್ಲ, ಸಿಕ್ಕಿದ್ರೂ ಕೈಗೆಟುಕಲ್ಲ. ಮೇ ತಿಂಗಳಲ್ಲಿ 1 ಮತ್ತು 8ನೇ ತಾರೀಖು ಅಲ್ಲಿ ಸರ್ಕಾರಿ ರಜೆ, ಅವತ್ತು ಬಸ್ಸು ಕಡಿಮೆ, ಅಂಗಡಿ ಬಂದ್, ಅದನ್ನ ನೋಡ್ಕೊಂಡು ಪ್ಲಾನ್ ಮಾಡಿ. ಸೆಪ್ಟೆಂಬರ್ ಮೂರನೇ ವಾರಾಂತ್ಯ ಹೋಗೋಕಾದ್ರೆ ಇನ್ನೂ ಒಳ್ಳೇದು, ಅವತ್ತು ಯುರೋಪಿನ ಪಾರಂಪರಿಕ ದಿನಗಳು ಅಂತ ಮಾಡ್ತಾರೆ, ಎಷ್ಟೋ ಸ್ಮಾರಕಗಳಿಗೆ ಪ್ರವೇಶ ಉಚಿತ, ಬೇರೆ ದಿನ ಬೀಗ ಹಾಕಿರೋ ಕಟ್ಟಡಾನೂ ಕೆಲವು ತೆಗೀತಾರೆ.

ಮಳೆ ಬಗ್ಗೆ ಒಂದು ಮಾತು. ಯಾವ ತಿಂಗಳು ಹೋದ್ರೂ ಬರುತ್ತೆ. ನಮ್ಮ ಮಲೆನಾಡಿನ ಥರ ಹಿಡ್ಕೊಂಡು ಹೊಡೆಯೋ ಮಳೆ ಅಲ್ಲ, ಹತ್ತು ನಿಮಿಷ ಜಿನುಗುತ್ತೆ, ಹತ್ತು ನಿಮಿಷ ಬಿಸಿಲು. ಕಡಲ ಗಾಳೀಲಿ ಛತ್ರಿ ನಿಲ್ಲಲ್ಲ, ತಲೆಗೆ ಟೋಪಿ ಇರೋ ಜರ್ಕಿನ್ ತಗೊಂಡು ಹೋಗಿ.

ವೀಸಾ ಮತ್ತು ಟಿಕೆಟ್

ಇಂಡಿಯಾದಿಂದ ಹೋಗೋರಿಗೆ ಷೆಂಗೆನ್ ವೀಸಾ ಬೇಕು, ಬೆಂಗಳೂರಲ್ಲೇ ಅರ್ಜಿ ಕೊಡಬಹುದು. ದೊಡ್ಡವರಿಗೆ ಫೀಸು 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45, ಇದರ ಮೇಲೆ ಅರ್ಜಿ ತಗೊಳ್ಳೋ ಸೆಂಟರಿನ ಸರ್ವಿಸ್ ಚಾರ್ಜು ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕೋಕೆ ಅವಕಾಶ ಇದೆ, ಸ್ಲಾಟ್ ಸಿಗೋದೇ ಕಷ್ಟ ಆದ್ದರಿಂದ ಕೊನೇ ತಿಂಗಳಿಗೆ ಬಿಡಬೇಡಿ. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರೇಜ್ ಇರೋದು ಬೇಕು. ರೂಮನ್ನ ಮೊದಲು ಫ್ರೀ ಕ್ಯಾನ್ಸಲೇಶನ್ ಇರೋದೇ ಬುಕ್ ಮಾಡಿ, ವೀಸಾ ಬಂದ ಮೇಲೆ ಬೇಕಾದ್ರೆ ಬದಲಾಯಿಸಬಹುದು.

ಟ್ರೇನು, ಮತ್ತೆ ಒಂದು ಸ್ಪೆಲಿಂಗ್ ಎಚ್ಚರಿಕೆ

ನಾರ್ಮಂಡಿ ಟ್ರೇನುಗಳು ಪ್ಯಾರಿಸ್ಸಿನ ಸ್ಯಾಂ ಲಝಾರ್ ಸ್ಟೇಷನ್ನಿಂದ ಹೊರಡ್ತವೆ. ಹೆಸರು ನೊಮಾಡ್. ರುವಾಂಗೆ ಸುಮಾರು ಒಂದೂವರೆ ಗಂಟೆ, ಕಾಂಗೆ ಎರಡು ಗಂಟೆ, ಬಾಯೂಗೆ ಇನ್ನೊಂದು ಇಪ್ಪತ್ತು ನಿಮಿಷ ಜಾಸ್ತಿ. ಮುಂಚೆನೇ ಬುಕ್ ಮಾಡಿದ್ರೆ ಅಗ್ಗದ ಟಿಕೆಟ್ ಸಿಗುತ್ತೆ, 26 ವರ್ಷದೊಳಗಿನವರಿಗೆ ರಿಯಾಯಿತಿ ಬೇರೆ. ಇನ್ನೂ ಕಡಿಮೆ ಬೇಕಂದ್ರೆ ಫ್ಲಿಕ್ಸ್‌ಬಸ್, ಬ್ಲಾಬ್ಲಾಕಾರ್ ಬಸ್ಸು ಕಾಂ, ರುವಾಂ ಕಡೆ ಓಡ್ತವೆ, ಟೈಮು ಜಾಸ್ತಿ, ರೇಟು ಕಮ್ಮಿ.

ಈಗ ಸ್ಪೆಲಿಂಗ್ ವಿಷಯ. ನಾರ್ಮಂಡಿಯ ಕಾಂ ಊರಿನ ಸ್ಪೆಲಿಂಗ್ ಸಿ-ಎ-ಇ-ಎನ್. ಸಿನಿಮಾ ಹಬ್ಬ ನಡೆಯೋ ಕಾನ್ ಅನ್ನೋದು ಸಿ-ಎ-ಎನ್-ಎನ್-ಇ-ಎಸ್, ಅದು ದೇಶದ ಇನ್ನೊಂದು ತುದೀಲಿ, ಮೆಡಿಟರೇನಿಯನ್ ದಡದಲ್ಲಿದೆ. ಬಾಯಲ್ಲಿ ಹೇಳುವಾಗ ಎರಡೂ ಹತ್ತಿರ ಹತ್ತಿರ ಕೇಳಿಸುತ್ತೆ. ಕೌಂಟರಲ್ಲಿ ಬಾಯಿ ಮಾತಲ್ಲಿ ಕೇಳೋ ಬದಲು ಮೊಬೈಲಲ್ಲಿ ಬರೆದು ತೋರಿಸಿ, ಟಿಕೆಟ್ ಕೈಗೆ ಬಂದ ಮೇಲೆ ಇನ್ನೊಂದ್ಸಲ ಓದಿ.

ಎಲ್ಲಿ ಉಳಿಯೋದು: ಊರೂರು ಬದಲಾಯಿಸಬೇಡಿ

ಇದು ನಾನು ಒತ್ತಿ ಹೇಳೋ ಮಾತು. ದಿನಕ್ಕೊಂದು ಊರು ಅಂತ ಪ್ಲಾನ್ ಮಾಡಿದ್ರೆ ಬ್ಯಾಗು ಎಳೆಯೋದ್ರಲ್ಲೇ ಅರ್ಧ ದಿನ ಹೋಗುತ್ತೆ, ಒಂದೊಂದು ರಾತ್ರಿಗೆ ರೂಮೂ ದುಬಾರಿ. ಬಾಯೂ ಇಲ್ಲಾ ಕಾಂ, ಎರಡರಲ್ಲಿ ಒಂದು ಆರಿಸ್ಕೊಂಡು ಐದಾರು ರಾತ್ರಿ ಅಲ್ಲೇ ಇರಿ.

ಕಾಂ ದೊಡ್ಡ ಊರು, ಯೂನಿವರ್ಸಿಟಿ ಇದೆ, ಟ್ರಾಮ್ ಇದೆ, ಸ್ಟೇಷನ್ ಹತ್ತಿರ ಬಜೆಟ್ ಹೋಟೆಲ್ಲು ಸಿಗ್ತವೆ. ಬಾಯೂ ಚಿಕ್ಕದು, ಎಲ್ಲಾ ನಡೆದೇ ನೋಡಬಹುದು, ಕಡಲ ದಂಡೆಗೆ ಹತ್ತಿರ. 1944ರ ಬಾಂಬಿಗೆ ಕಾಂ ಬಹುಪಾಲು ನೆಲಸಮ ಆಗಿ ಆಮೇಲೆ ಮತ್ತೆ ಕಟ್ಟಿದ್ದು. ಬಾಯೂ ಜೂನ್ 7ಕ್ಕೇ, ಅಂದ್ರೆ ಇಳಿದ ಮಾರನೇ ದಿನವೇ ಬಿಡುಗಡೆ ಆಯ್ತು, ಹಾಗಾಗಿ ಅದರ ಮರದ ತೊಲೆ ಮನೆಗಳು, ನೀರಿನ ಗಿರಣಿ, ಓಣಿಗಳೆಲ್ಲಾ ಹಾಗೇ ಉಳಿದಿವೆ. ನಾವು ಬಾಯೂ ಆರಿಸಿದ್ವಿ, ಇನ್ನೊಂದ್ಸಲ ಹೋದ್ರೂ ಅದೇ.

ಅಡುಗೆಮನೆ ಇರೋ ಚಿಕ್ಕ ಅಪಾರ್ಟ್‌ಮೆಂಟ್ ಹುಡುಕಿ. ನಮಗೆ ಮೂರು ಜನಕ್ಕೆ ರಾತ್ರಿಗೆ 85 ಯೂರೋ ಬಿತ್ತು, ಒಂದು ಯೂರೋಗೆ ನೂರು ರೂಪಾಯಿ ಅಂತ ಇಟ್ಕೊಂಡ್ರೆ ಎಂಟೂವರೆ ಸಾವಿರ, ತಲೆಗೆ ಮೂರು ಸಾವಿರದೊಳಗೆ. ಇನ್ನೂ ಅಗ್ಗ ಬೇಕು ಅಂದ್ರೆ ಅಲ್ಲಿ ಊರಿನ ಮುನಿಸಿಪಾಲಿಟಿಯವರೇ ನಡೆಸೋ ಕ್ಯಾಂಪಿಂಗ್ ಜಾಗ ಇರ್ತವೆ, ಟೆಂಟು ಹಾಕ್ಕೋಬಹುದು, ಕೆಲವು ಕಡೆ ಹಾಸಿಗೆ ಒಲೆ ಎಲ್ಲಾ ಇರೋ ಚಿಕ್ಕ ಮನೆ ಥರದ ಮೊಬೈಲ್ ಹೋಮ್ ಬಾಡಿಗೆಗೆ ಸಿಗುತ್ತೆ. ಬುಕ್ ಮಾಡುವಾಗ ತೋರಿಸೋ ರೇಟಿನ ಮೇಲೆ ತಲೆಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಇರುತ್ತೆ, ಜೊತೆಗೆ ಅಪಾರ್ಟ್‌ಮೆಂಟಿಗೆ ಕ್ಲೀನಿಂಗ್ ಚಾರ್ಜ್ ಅಂತ ಬೇರೆ ಹಾಕ್ತಾರೆ, ಮೂರ್ನಾಲ್ಕು ರಾತ್ರಿಗಿಂತ ಜಾಸ್ತಿ ಇದ್ರೇನೇ ಅದು ಹಂಚಿ ಹೋಗಿ ಕಮ್ಮಿ ಅನ್ಸೋದು.

ಬಸ್ಸು ಹಿಡಿಯೋ ಕಲೆ

ಬಾಯೂ ರೈಲ್ವೆ ಸ್ಟೇಷನ್ ಮುಂದೆಯಿಂದ ನೊಮಾಡ್ ಬಸ್ಸುಗಳು ಕಡಲ ದಂಡೆಗೆ ಹೋಗ್ತವೆ, ಒಂದು ರೂಟು ಆರೊಮಾಂಶ್ ಕಡೆ, ಇನ್ನೊಂದು ಅಮೆರಿಕನ್ ಸೈನ್ಯ ಇಳಿದ ಒಮಾಹಾ ಬೀಚು, ಅಮೆರಿಕನ್ ಸ್ಮಶಾನದ ಕಡೆ. ಟಿಕೆಟ್ಟು ಕೆಲವೇ ಯೂರೋ. ಗೈಡೆಡ್ ಟೂರ್ ವ್ಯಾನಿಗೆ ತಲೆಗೆ ಕೊಡೋ ದುಡ್ಡಲ್ಲಿ ಒಂದು ಫ್ಯಾಮಿಲಿ ವಾರಪೂರ್ತಿ ಬಸ್ಸಲ್ಲಿ ಓಡಾಡಬಹುದು.

ಆದ್ರೆ ಬಸ್ಸು ಕಮ್ಮಿ, ದಿನಕ್ಕೆ ಬೆರಳೆಣಿಕೆ, ಭಾನುವಾರ ಇನ್ನೂ ಕಮ್ಮಿ. ಸ್ಕೂಲ್ ನಡೆಯೋ ದಿನಕ್ಕೆ ಒಂದು ಟೈಮ್‌ಟೇಬಲ್, ಸ್ಕೂಲ್ ರಜಾ ದಿನಕ್ಕೆ ಇನ್ನೊಂದು, ಬೇಸಿಗೆಗೆ ಮತ್ತೊಂದು. ನಮಗೆ ಎರಡನೇ ದಿನವೇ ಪೆಟ್ಟು ಬಿತ್ತು, ಬುಧವಾರದ ಕಾಲಂ ಬದಲು ಪಕ್ಕದ ಕಾಲಂ ನೋಡ್ಕೊಂಡು ಕೊನೇ ಬಸ್ಸು ತಪ್ಪಿಸಿಕೊಂಡು ಟ್ಯಾಕ್ಸಿಗೆ 40 ಯೂರೋ ಕೊಟ್ವಿ, ಅಮ್ಮ ಚಳೀಲಿ ಸ್ಟಾಪಲ್ಲಿ ಕೂತಿದ್ದು ನೆನೆದ್ರೆ ಇವತ್ತಿಗೂ ಬೇಜಾರಾಗುತ್ತೆ. ಹಾಗಾಗಿ ಬಂದ ದಿನವೇ ಟೂರಿಸ್ಟ್ ಆಫೀಸಿಗೆ ಹೋಗಿ, ನೀವು ಹೋಗೋ ದಿನದ ಹೆಸರು ಹೇಳಿ, ವಾಪಸ್ ಬರೋ ಕೊನೇ ಬಸ್ಸಿಗೆ ಅವರ ಕೈಯಲ್ಲೇ ಪೆನ್ನಲ್ಲಿ ಗುರುತು ಹಾಕಿಸ್ಕೊಳ್ಳಿ. ಕೊನೇ ಬಸ್ಸಿನ ಹಿಂದಿನ ಬಸ್ಸನ್ನೇ ನಿಮ್ಮ ಬಸ್ಸು ಅಂತ ಇಟ್ಕೊಳ್ಳಿ.

ಕಾಲಲ್ಲಿ ಶಕ್ತಿ ಇರೋರು ಸೈಕಲ್ ಬಾಡಿಗೆಗೆ ತಗೊಳ್ಳಿ. ಬಾಯೂಯಿಂದ ಆರೊಮಾಂಶ್ ಸುಮಾರು 10 ಕಿಲೋಮೀಟರ್, ದಾರಿ ಅಲ್ಲಲ್ಲಿ ಏರಿಳಿತ ಇದ್ರೂ ಕಷ್ಟ ಇಲ್ಲ.

ಎಲ್ಲಕ್ಕಿಂತ ಮೊದಲು ಸಮುದ್ರದ ಟೈಮು ನೋಡಿ

ಬಸ್ ಟೈಮಿನಷ್ಟೇ ಮುಖ್ಯ ಉಬ್ಬರ ಇಳಿತದ ಟೈಮು. ನಮ್ಮ ಕರಾವಳೀಲಿ ನೀರು ಒಂದೂವರೆ ಎರಡು ಮೀಟರ್ ಏರಿಳಿದ್ರೆ ಹೆಚ್ಚು. ನಾರ್ಮಂಡಿಯ ಮೋಂ ಸ್ಯಾಂ ಮಿಶೆಲ್, ಅಂದ್ರೆ ಕಡಲ ಪಕ್ಕ ಬಂಡೆ ಮೇಲೆ ಮಠ ಇರೋ ಜಾಗ, ಅದರ ಕೊಲ್ಲೀಲಿ ದೊಡ್ಡ ಉಬ್ಬರದ ದಿನ 14 ಮೀಟರ್‌ವರೆಗೂ ವ್ಯತ್ಯಾಸ ಬರುತ್ತೆ, ನಾಲ್ಕು ಮಹಡಿ ಎತ್ತರ. ಆರೊಮಾಂಶಲ್ಲಿ ಇಳಿತದ ಹೊತ್ತಿಗೆ ಹೋದ್ರೆ ಬೀಚು ಪೂರ್ತಿ ನಿಮ್ಮದು, ಉಬ್ಬರದ ಹೊತ್ತಿಗೆ ಹೋದ್ರೆ ಗೋಡೆ ಪಕ್ಕ ನಿಂತು ನೋಡೋದಷ್ಟೇ.

ಲೆಕ್ಕ ನಮ್ಮೋರಿಗೆ ಗೊತ್ತಿರೋದೇ. ಅಮಾವಾಸ್ಯೆ, ಹುಣ್ಣಿಮೆ ಆದ ಒಂದೆರಡು ದಿನಕ್ಕೆ ದೊಡ್ಡ ಉಬ್ಬರ, ಅಷ್ಟಮಿ ಆಸುಪಾಸು ಚಿಕ್ಕದು. ಅಮ್ಮ ಮನೇಲಿ ಕ್ಯಾಲೆಂಡರ್ ನೋಡಿನೇ ಹುಣ್ಣಿಮೆ ಹೊತ್ತಿಗೆ ಮೋಂ ಸ್ಯಾಂ ಮಿಶೆಲ್ ಇಟ್ಕೋ ಅಂದಿದ್ರು, ಅದು ಕೆಲಸಕ್ಕೆ ಬಂತು. ಗಂಟೆ ನಿಮಿಷ ಬೇಕಂದ್ರೆ ಟೂರಿಸ್ಟ್ ಆಫೀಸಲ್ಲಿ ಉಬ್ಬರ ಇಳಿತದ ಪಟ್ಟಿ ಸಿಗುತ್ತೆ, ಇವತ್ತಿನ ಟೈಮಿಗಿಂತ ನಾಳೆ ಸುಮಾರು ಮುಕ್ಕಾಲು, ಐವತ್ತು ನಿಮಿಷ ತಡ. ಫ್ರೆಂಚರು ಉಬ್ಬರಕ್ಕೆ ನಂಬರ್ ಕೊಡ್ತಾರೆ, 20ರಿಂದ 120ವರೆಗೆ, 110 ದಾಟಿದ್ರೆ ಮೋಂ ಸ್ಯಾಂ ಮಿಶೆಲ್ ಸುತ್ತ ನೀರು ಬಂದು ನಿಜವಾದ ದ್ವೀಪ ಆಗುತ್ತೆ.

ದುಡ್ಡು ಕೊಡದೆ ನೋಡೋ ಜಾಗಗಳು

ಆರೊಮಾಂಶ್ ಇಂದಾನೇ ಶುರು ಮಾಡಿ. 1944ರಲ್ಲಿ ಸೈನ್ಯ ಇಳಿಸಿದ್ರು ಸರಿ, ಆದ್ರೆ ಟ್ಯಾಂಕು, ಮದ್ದುಗುಂಡು, ಊಟ ಇಳಿಸೋಕೆ ಬಂದರು ಬೇಕಲ್ಲ, ಇದ್ದ ಬಂದರುಗಳೆಲ್ಲಾ ಜರ್ಮನ್ನರ ಕೈಯಲ್ಲಿ. ಅದಕ್ಕೆ ಬ್ರಿಟನ್ನಲ್ಲೇ ಕಾಂಕ್ರೀಟಿನ ಪೆಟ್ಟಿಗೆಗಳನ್ನ ಮಾಡಿ, ಕಡಲಲ್ಲಿ ಎಳ್ಕೊಂಡು ಬಂದು, ಇಲ್ಲಿ ಮುಳುಗಿಸಿ ಒಂದು ಬಂದರನ್ನೇ ಕಟ್ಟಿದ್ರು. ಇಂಥದ್ದೇ ಇನ್ನೊಂದು ಒಮಾಹಾ ಬೀಚಲ್ಲಿತ್ತು, ಅದು ಜೂನ್ 19ರಿಂದ ಶುರುವಾದ ಬಿರುಗಾಳೀಲಿ ಹಾಳಾಯ್ತು. ಆರೊಮಾಂಶಿನದು ಉಳೀತು. ಇಳಿತದ ಹೊತ್ತಲ್ಲಿ ಮರಳ ಮೇಲೆ ನಡ್ಕೊಂಡು ಹೋದ್ರೆ ಆ ಪೆಟ್ಟಿಗೆ ಪಕ್ಕದಲ್ಲೇ ನಿಲ್ಲಬಹುದು. ಮನೆಯಷ್ಟು ದೊಡ್ಡದು, ಕೆಳಗಿನರ್ಧಕ್ಕೆ ಹಸಿರು ಪಾಚಿ, ಕಪ್ಪಗೆ ಗೊಂಚಲು ಗೊಂಚಲಾಗಿ ಮೆತ್ಕೊಂಡಿರೋ ಚಿಪ್ಪು, ಮೇಲಿನರ್ಧದಲ್ಲಿ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ ಹೊರಗೆ ಬಂದಿದೆ, ಒಳಗೆ ಹೋಗಿದ್ದ ನೀರು ಇನ್ನೂ ಸಣ್ಣಗೆ ಸೋರ್ತಾ ಇರುತ್ತೆ. ಮ್ಯೂಸಿಯಂ ಗಾಜಿನ ಹಿಂದೆ ಎಷ್ಟು ನೋಡಿದ್ರೂ ಇದು ಸಿಗಲ್ಲ. ಹತ್ತಬೇಡಿ, ಜಾರುತ್ತೆ, ಮತ್ತೆ ನೀರು ತಿರುಗಿದ ತಕ್ಷಣ ದಡಕ್ಕೆ ಬಂದ್ಬಿಡಿ.

ಅಲ್ಲಿಂದ ಪಶ್ಚಿಮಕ್ಕೆ ಲೋಂಗ್ ಸೂರ್ ಮೇರ್ ಅನ್ನೋ ಹಳ್ಳಿ ಹೊಲದಲ್ಲಿ ಜರ್ಮನ್ನರ ನಾಲ್ಕು ಫಿರಂಗಿ ಗೂಡುಗಳಿವೆ, ಫಿರಂಗಿಗಳು ಇನ್ನೂ ಒಳಗೇ ಕೂತಿವೆ, ಪ್ರವೇಶ ಉಚಿತ. ಪಾಯಿಂಟ್ ದು ಓಕ್ ಕೂಡ ಉಚಿತ, ಅಲ್ಲಿ ಡಿ-ಡೇ ದಿನ 225 ಅಮೆರಿಕನ್ ರೇಂಜರ್‌ಗಳು, ಅಂದ್ರೆ ಕಮಾಂಡೋ ಥರದ ಸೈನಿಕರು, ಸುಮಾರು 30 ಮೀಟರ್ ಬಂಡೆಗೋಡೆಯನ್ನ ಹಗ್ಗ ಏಣಿ ಹಿಡ್ಕೊಂಡು ಹತ್ತಿದ್ದು, ಬಾಂಬಿನ ಹೊಂಡಗಳು ಹಾಗೇ ಇವೆ, ಈಗ ಅದರಲ್ಲಿ ಹುಲ್ಲು ಬೆಳೆದಿದೆ.

ಕೊಲ್‌ವಿಲ್‌ನ ಅಮೆರಿಕನ್ ಸ್ಮಶಾನಕ್ಕೆ ಅರ್ಧ ದಿನ ಕೊಡಿ. ಒಮಾಹಾ ಬೀಚಿನ ಮೇಲಿನ ದಿಬ್ಬದಲ್ಲಿ ಒಂಬತ್ತು ಸಾವಿರದ ಮುನ್ನೂರಕ್ಕೂ ಹೆಚ್ಚು ಬಿಳೀ ಕಲ್ಲುಗಳು, ಪ್ರವೇಶ ಉಚಿತ, ಒಳಗಿರೋ ವಿಸಿಟರ್ ಸೆಂಟರೂ ಉಚಿತ, ಶೌಚಾಲಯ ಚೊಕ್ಕಟ. ವಯಸ್ಸಾದವರ ಜೊತೆ ಹೋಗೋರಿಗೆ ಇದೂ ಮುಖ್ಯ.

ಬಾಯೂ ಊರೊಳಗೇ ಇರೋ ಬ್ರಿಟಿಷ್ ಸ್ಮಶಾನಕ್ಕೆ ಜನ ಅಷ್ಟಾಗಿ ಹೋಗಲ್ಲ, ನನಗೆ ಅದೇ ಹೆಚ್ಚು ನಾಟಿದ್ದು. ಸುಮಾರು 4,600 ಸಮಾಧಿ, ಅದರಲ್ಲಿ ಜರ್ಮನ್ ಸೈನಿಕರೂ ಇದಾರೆ. ಒಂದೊಂದು ಕಲ್ಲಿನ ಬುಡದಲ್ಲಿ ಒಂದೊಂದು ಗಿಡ, ಹಲವು ಕಲ್ಲಿನ ಮೇಲೆ ಮನೆಯವರು ಬರೆಸಿದ ಒಂದೆರಡು ಸಾಲು, ಪಕ್ಕದಲ್ಲಿ ವಯಸ್ಸು, 19, 21, 20. ಹೆಸರೇ ಗೊತ್ತಿಲ್ಲದವರ ಕಲ್ಲಲ್ಲಿ ದೇವರಿಗೆ ಮಾತ್ರ ಗೊತ್ತು ಅಂತಷ್ಟೇ ಇರುತ್ತೆ. ಅಮ್ಮಂಗೆ ಇಂಗ್ಲಿಷ್ ಓದೋಕೆ ಬರಲ್ಲ, ವಯಸ್ಸಿನ ಅಂಕಿ ಮಾತ್ರ ಓದ್ಕೊಂಡು ಒಂದು ಸಾಲು ಪೂರ್ತಿ ನಡೆದ್ರು, ಆಮೇಲೆ ಮಾತಾಡಲಿಲ್ಲ. ರಸ್ತೆ ಆಚೆ ಕಣ್ಮರೆಯಾದವರ ಸ್ಮಾರಕ ಇದೆ, ಅದರ ಮೇಲೆ ಲ್ಯಾಟಿನ್ನಲ್ಲಿ ಕೆತ್ತಿದ್ದಾರೆ: ವಿಲಿಯಂನಿಂದ ಸೋತ ನಾವು, ಗೆದ್ದವನ ನಾಡನ್ನ ಬಿಡಿಸಿದ್ವಿ ಅಂತ ಅರ್ಥ. ಮೊದಲೇ ಹೇಳಿದ ಎರಡು ತಾರೀಖು, 1066 ಮತ್ತು 1944, ಆ ಒಂದೇ ಸಾಲಲ್ಲಿ ಸೇರಿವೆ.

ಬಾಯೂ ಕೆಥೆಡ್ರಲ್ ಒಳಗೆ ಹೋಗೋಕೂ ದುಡ್ಡಿಲ್ಲ, 1077ರಲ್ಲಿ ವಿಲಿಯಂ ಎದುರಲ್ಲೇ ಪ್ರತಿಷ್ಠೆ ಆಗಿದ್ದು. ಕಾಂಗೆ ಟ್ರೇನಲ್ಲಿ ಹೋಗಿ ಬಂದ್ರೆ ಅವನು ಕಟ್ಟಿಸಿದ ಮಠದ ಚರ್ಚಲ್ಲಿ ಅವನ ಸಮಾಧಿ ಇದೆ, ಮುಂದಿನ ಶತಮಾನಗಳ ಗಲಭೇಲಿ ಗೋರಿ ಒಡೆದು ಈಗ ಒಂದು ತೊಡೆ ಮೂಳೆ ಮಾತ್ರ ಉಳಿದಿರೋದು. ಅವನ ಕೋಟೆಯ ಅಂಗಳಾನೂ ಉಚಿತ.

ಒಂದು ಮುಖ್ಯ ವಿಷಯ, ಬಾಯೂ ಟ್ಯಾಪೆಸ್ಟ್ರಿ. ಹೆಸರು ಹಾಗಿದ್ರೂ ಅದು ನೇಯ್ದಿದ್ದಲ್ಲ, ನಮ್ಮ ಭಾಷೇಲಿ ಹೇಳ್ಬೇಕಂದ್ರೆ ಕಸೂತಿ. ಹತ್ತಿರ ಹತ್ತಿರ 70 ಮೀಟರ್ ಉದ್ದದ ನಾರುಬಟ್ಟೆ ಮೇಲೆ ಉಣ್ಣೆ ದಾರದಲ್ಲಿ ವಿಲಿಯಂನ ದಂಡಯಾತ್ರೆ ಕಥೆ, ಮಧ್ಯದಲ್ಲಿ ಆ ವರ್ಷ ಕಾಣಿಸಿದ್ದ ಹ್ಯಾಲಿ ಧೂಮಕೇತೂ ಇದೆ. ಅದರ ಮ್ಯೂಸಿಯಂ 2025ರ ಸೆಪ್ಟೆಂಬರ್ 1ರಿಂದ ಮುಚ್ಚಿದೆ, ಹೊಸದು 2027ರ ಅಕ್ಟೋಬರಿಗೆ ತೆರೆಯೋ ಪ್ಲಾನು. ನಡುವೆ 2026ರ ಸೆಪ್ಟೆಂಬರಿಂದ 2027ರ ಜುಲೈವರೆಗೆ ಅದನ್ನ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಲ್ಲಿ ಇಡೋದಾಗಿ ನಿರ್ಧಾರ ಆಗಿದೆ. ಅದೊಂದಕ್ಕೇ ಅಂತ ಹೋಗೋರು ತಾರೀಖು ನೋಡ್ಕೊಂಡು ಟಿಕೆಟ್ ಮಾಡಿ.

ಮೋಂ ಸ್ಯಾಂ ಮಿಶೆಲ್

ಇದಕ್ಕೆ ದುಡ್ಡು ಖರ್ಚು ಮಾಡಿ, ಬೇರೆ ಕಡೆ ಉಳಿಸಿದ್ದು ಇದಕ್ಕೇ ಅಂತ ಇಟ್ಕೊಳ್ಳಿ. ಬಾಯೂ ಇಲ್ಲಾ ಕಾಂನಿಂದ ರೆನ್ ಊರಿನ ಕಡೆ ಹೋಗೋ ಟ್ರೇನಲ್ಲಿ ಪೋಂತೋರ್ಸೋಂ ಸ್ಟೇಷನ್ನಲ್ಲಿ ಇಳಿಬೇಕು, ದಿನಕ್ಕೆ ಕೆಲವೇ ಟ್ರೇನು. ಅಲ್ಲಿಂದ ಬಸ್ಸು, 9 ಕಿಲೋಮೀಟರ್. ಕಾರಲ್ಲಿ ಬರೋರು ಎರಡೂವರೆ ಕಿಲೋಮೀಟರ್ ದೂರದಲ್ಲೇ ನಿಲ್ಲಿಸ್ಬೇಕು, ಪಾರ್ಕಿಂಗ್ ದುಬಾರಿ, ಅಲ್ಲಿಂದ ಬಂಡೆವರೆಗೆ ಶಟಲ್ ಉಚಿತ. ಸಾಧ್ಯ ಆದ್ರೆ ಶಟಲ್ ಬಿಟ್ಟು 2014ರಲ್ಲಿ ತೆರೆದ ಸೇತುವೆ ಮೇಲೆ ನಡ್ಕೊಂಡೇ ಹೋಗಿ, ಮುಕ್ಕಾಲು ಗಂಟೆ ಒಳಗೆ ಆಗುತ್ತೆ, ಹೆಜ್ಜೆ ಹೆಜ್ಜೆಗೂ ಅದು ದೊಡ್ಡದಾಗ್ತಾ ಬರೋದನ್ನ ನೋಡೋದೇ ಒಂದು ಭಾಗ್ಯ.

ಊರೊಳಗೆ ಹೋಗೋಕೆ, ಕೋಟೆ ಗೋಡೆ ಮೇಲೆ ಓಡಾಡೋಕೆ ಟಿಕೆಟ್ ಇಲ್ಲ. ಮೇಲಿನ ಮಠಕ್ಕೆ ಮಾತ್ರ ಇದೆ, ಆನ್‌ಲೈನಲ್ಲಿ ಟೈಮ್ ಬುಕ್ ಮಾಡಿ. ಕಥೆ ಪ್ರಕಾರ 708ರಲ್ಲಿ ಆವ್ರಾಂಶ್‌ನ ಬಿಷಪ್ ಓಬೇರ್‌ಗೆ ಮಿಶೆಲ್ ದೇವದೂತ ಕನಸಲ್ಲಿ ಬಂದು ಗುಡಿ ಕಟ್ಟು ಅಂದಿದ್ದು. ಮೆಟ್ಟಿಲು ಬಹಳ, ಮೊಣಕಾಲು ನೋವಿರೋರು ಗೋಡೆ ಮೇಲೇ ಕೂತು ಕೊಲ್ಲಿ ನೋಡಬಹುದು. ಅಲ್ಲಿ ತಿನ್ನೋದೆಲ್ಲಾ ದುಬಾರಿ, ಬುತ್ತಿ ಕಟ್ಕೊಂಡು ಹೋಗಿ. ಗೈಡ್ ಇಲ್ಲದೆ ಕೊಲ್ಲಿ ಮರಳಿಗೆ ಇಳಿಲೇಬೇಡಿ, ಕಾಲು ಹೂತ್ಕೊಳ್ಳೋ ಮರಳಿದೆ, ನೀರು ನಾವು ಅಂದ್ಕೊಂಡಿದ್ದಕ್ಕಿಂತ ಬೇಗ ಬರುತ್ತೆ. ಮಧ್ಯಾಹ್ನ ಹನ್ನೊಂದರಿಂದ ನಾಲ್ಕು ಜಾತ್ರೆ, ಸಂಜೆ ಟೂರ್ ಬಸ್ಸುಗಳು ಹೋದ ಮೇಲೆ ಓಣಿ ಖಾಲಿ. ಅದಕ್ಕೇ ಒಂದು ರಾತ್ರಿ ಪೋಂತೋರ್ಸೋಂನಲ್ಲಿ ಇದ್ದು ಬಂದ್ರೆ ಒಳ್ಳೇದು, ರೂಮು ಅಲ್ಲಿ ಅಗ್ಗ.

ಊಟ, ಸಸ್ಯಾಹಾರಿಗಳಿಗೆ ವಿಶೇಷವಾಗಿ

ಮಧ್ಯಾಹ್ನದ ಊಟ ಹೋಟೆಲಲ್ಲಿ, ರಾತ್ರಿದು ರೂಮಲ್ಲಿ. ಯಾಕಂದ್ರೆ ಮಧ್ಯಾಹ್ನ ಪ್ಲಾ ದು ಜೂರ್ ಅಂತ ದಿನದ ಸ್ಪೆಷಲ್ಲು ಕಡಿಮೆ ರೇಟಿಗೆ ಇರುತ್ತೆ, ರಾತ್ರಿ ಅದೇ ಹೋಟೆಲ್ಲು ದುಬಾರಿ. ಹನ್ನೆರಡರಿಂದ ಎರಡರೊಳಗೆ ಹೋಗಿ, ಆಮೇಲೆ ಅಡುಗೆಮನೆ ಮುಚ್ತಾರೆ. ನೀರು ಕೇಳುವಾಗ ಯೂನ್ ಕರಾಫ್ ದೋ ಅನ್ನಿ, ನಲ್ಲಿ ನೀರು ಜಗ್ಗಲ್ಲಿ ಉಚಿತವಾಗಿ ಕೊಡಬೇಕು ಅಂತ ಕಾನೂನೇ ಇದೆ, ಬರೀ ನೀರು ಅಂದ್ರೆ ಬಾಟಲಿ ತಂದಿಟ್ಟು ಬಿಲ್ ಹಾಕ್ತಾರೆ. ಎಲ್ಲಿ ಹೋದ್ರೂ ಮೊದಲು ಬೋಂಜೂರ್ ಅನ್ನಿ, ನಮಸ್ಕಾರ ಹೇಳದೆ ನೇರ ರೇಟು ಕೇಳೋದು ಅಲ್ಲಿ ಒರಟುತನ.

ಸಸ್ಯಾಹಾರಿಗಳಿಗೆ ಗಾಲೆತ್ ಹೊಂದುತ್ತೆ, ಬಕ್‌ವೀಟ್ ಹಿಟ್ಟಿನ ತೆಳ್ಳಗಿನ ದೋಸೆ ಥರ, ಸಾಂ ಜಾಂಬೋಂ ಅಂದ್ರೆ ಹಂದಿ ಮಾಂಸ ಹಾಕದೆ ಚೀಸು, ಅಣಬೆ, ಮೊಟ್ಟೆ ಹಾಕಿ ಕೊಡ್ತಾರೆ, ಮೊಟ್ಟೆ ತಿನ್ನದವರು ಅದನ್ನೂ ಮೊದಲೇ ಹೇಳಿ. ಕಟ್ಟುನಿಟ್ಟಾಗಿ ಇರೋರು ಒಂದು ತಿಳ್ಕೊಳ್ಳಿ, ಕಮೆಂಬೇರ್ ಥರದ ಸಾಂಪ್ರದಾಯಿಕ ಚೀಸಿಗೆ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ಬರೋ ರೆನೆಟ್ ಹಾಕ್ತಾರೆ. ಅಮ್ಮ ಅದು ಮುಟ್ಟಲಿಲ್ಲ, ಬೇಕರಿ ಬ್ರೆಡ್ಡು, ಬೆಣ್ಣೆ, ಟೊಮ್ಯಾಟೋ, ಮನೆಯಿಂದ ತಂದ ಚಟ್ನಿಪುಡಿ, ರಾತ್ರಿ ರೂಮಲ್ಲಿ ಅನ್ನ ಸಾರು. ಅಲ್ಲಿನ ಬೆಣ್ಣೆ ಮಾತ್ರ ತಿಂದೇ ನೋಡಬೇಕು. ಅಕ್ಕಿ ಬೇಳೆ ಲೀಡಲ್, ಕಾರ್‌ಫೂರ್, ಲೆಕ್ಲೇರ್ ಯಾವ ಸೂಪರ್‌ಮಾರ್ಕೆಟ್ಟಲ್ಲಾದ್ರೂ ಸಿಗುತ್ತೆ, ಕೆಂಪು ತೊಗರಿಯಂಥ ಮಸೂರ್ ಬೇಳೆ ಬೇಗ ಬೇಯುತ್ತೆ, ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ನಂಬ್ಕೋಬೇಡಿ.

ಬಾಯೂಲಿ ಶನಿವಾರ ಬೆಳಗ್ಗೆ ದೊಡ್ಡ ಸಂತೆ. ಅಲ್ಲಿ ತರ್ಗೂಲ್ ಅನ್ನೋದು ಹುಡುಕಿ. ಅಕ್ಕಿ, ಹಾಲು, ಸಕ್ಕರೆ, ದಾಲ್ಚಿನ್ನಿ ಅಷ್ಟೇ, ಮಣ್ಣಿನ ಪಾತ್ರೇಲಿ ಸಣ್ಣ ಉರೀಲಿ ನಾಲ್ಕೈದು ಗಂಟೆ ಒಲೆಯೊಳಗೆ ಇಡ್ತಾರೆ. ಮೇಲೆ ಕಂದು ಬಣ್ಣದ ದಪ್ಪ ಕೆನೆ ಪದರ, ಚಮಚ ಒತ್ತಿದ್ರೆ ಅದು ಮುರಿದು ಒಳಗೆ ಮೆತ್ತಗಿನ ಪಾಯಸ. ಏಲಕ್ಕಿ ಜಾಗದಲ್ಲಿ ದಾಲ್ಚಿನ್ನಿ ಅಂತ ಬಿಟ್ರೆ ಇದು ನಮ್ದೇ ಅಲ್ವೇನೋ ಅಂತ ಅಮ್ಮ ಎರಡು ಬಟ್ಟಲು ತಿಂದ್ರು.

ವಾಪಸ್ ಬರೋ ದಾರೀಲಿ ರುವಾಂ

ಪ್ಯಾರಿಸ್ಸಿಗೆ ನೇರ ವಾಪಸ್ ಬರೋ ಬದಲು ಕಾಂನಿಂದ ರುವಾಂಗೆ ಟ್ರೇನಲ್ಲಿ ಬಂದು ಅಲ್ಲಿ ಒಂದು ದಿನ ಇರಿ. ಶನಿವಾರ ಆದ್ರೆ ಊರ ಬಸ್ಸು, ಮೆಟ್ರೋ ಉಚಿತ. 1431ರ ಮೇ 30ಕ್ಕೆ ಫ್ರಾನ್ಸಿನ ವೀರ ಹುಡುಗಿ ಜೋನ್ ಆಫ್ ಆರ್ಕ್‌ಳನ್ನ ಸುಟ್ಟ ಹಳೇ ಸಂತೆ ಮೈದಾನ ಊರ ಮಧ್ಯದಲ್ಲೇ ಇದೆ, ಅಲ್ಲಿಂದ ದೊಡ್ಡ ಗಡಿಯಾರದ ಕಮಾನಿನ ಕೆಳಗೆ ನಡೆದ್ರೆ ಕೆಥೆಡ್ರಲ್ಲು. ಊರಿನ ಕಲಾ ಮ್ಯೂಸಿಯಮ್ಮಿನ ಕಾಯಂ ಸಂಗ್ರಹ ನೋಡೋಕೆ ದುಡ್ಡಿಲ್ಲ, ಮಂಗಳವಾರ ಮಾತ್ರ ರಜಾ. 1892ರಿಂದ ಎರಡು ವರ್ಷ ಚಿತ್ರಕಾರ ಮೋನೆ ಈ ಕೆಥೆಡ್ರಲ್ ಮುಂಭಾಗವನ್ನೇ ಮೂವತ್ತಕ್ಕೂ ಹೆಚ್ಚು ಸಲ ಬೇರೆ ಬೇರೆ ಬೆಳಕಲ್ಲಿ ಬರೆದ, ಅದರಲ್ಲಿ ಮೋಡ ಕವಿದ ದಿನದ್ದೊಂದು ಈ ಮ್ಯೂಸಿಯಮ್ಮಲ್ಲೇ ಇದೆ. ಮೊದಲು ಆ ಚಿತ್ರದ ಮುಂದೆ ಹತ್ತು ನಿಮಿಷ ನಿಂತ್ಕೊಳ್ಳಿ, ಆಮೇಲೆ ಹತ್ತು ನಿಮಿಷ ನಡೆದು ಕೆಥೆಡ್ರಲ್ ಎದುರಿಗೆ ಬನ್ನಿ. ನಾವು ಬಂದಾಗ ಜಿನುಗು ಮಳೆ ಬರ್ತಿತ್ತು, ಕಲ್ಲು ಚಿತ್ರದಲ್ಲಿದ್ದ ಅದೇ ಬೂದು ನೀಲಿ, ಅಮ್ಮ ಜರ್ಕಿನ್ ಟೋಪಿ ಹಾಕ್ಕೊಂಡು ಮೆಟ್ಟಿಲ ಮೇಲೆ ಕೂತು ಉಳಿದಿದ್ದ ಬ್ರೆಡ್ಡಿಗೆ ಕೊನೇ ಚಟ್ನಿಪುಡಿ ಹಚ್ಚಿ ನಮ್ಮಿಬ್ಬರಿಗೂ ಒಂದೊಂದು ತುಂಡು ಕೊಟ್ರು, ಟ್ರೇನಿಗೆ ಇನ್ನೂ ಒಂದು ಗಂಟೆ ಇತ್ತು.